ತುಪ್ಪವೂ ತಪ್ಪೂ

ಒಬ್ಬರಿಗೆ ಕಾಯಿಲೆ ಎಂದು ಕೇಳಿದೊಡನೆ ನಮ್ಮ ಬಾಯಿಂದ ಹೊರಡುವ ಮೊದಲನೆಯ ಮಾತು ಯಾವುದು? "ಅಯ್ಯೋ ಪಾಪ" ಎಂದು ನಾವು ತಿಳಿದುಕೊಂಡಿರುತ್ತೇವೆ. ಸ್ವಲ್ಪ ಗಮನವಿಟ್ಟು ನೋಡಿದರೆ ಅದು ಎರಡನೆಯದು. ಮೊದಲನೆಯದು "ಏನು ತಿಂದಿದ್ದರಂತೆ?" ಎಂಬುದು. ಜ್ವರ ಬಂದ ಮಗುವಿನ ತಾಯಿಯನ್ನೂ ಹೀಗೆಯೇ ಕೇಳುತ್ತೇವೆ; ಎದೆನೋವಿನಿಂದ ತೀರಿಕೊಂಡವರ ಹೆಂಡತಿಯನ್ನೂ ಹೀಗೆಯೇ ಕೇಳುತ್ತೇವೆ. ಕೇಳುವಾಗ ನಮ್ಮ ಮನಸ್ಸಿನಲ್ಲಿ ಕೆಡುಕೇನೂ ಇರುವುದಿಲ್ಲ. ಆದರೂ ಆ ಪ್ರಶ್ನೆಯೊಳಗೆ ಒಂದು ಸಣ್ಣ ನ್ಯಾಯಸ್ಥಾನ ಅಡಗಿದೆ. ರೋಗ ಬಂದಿದೆ, ಆದುದರಿಂದ ತಪ್ಪೊಂದು ನಡೆದಿರಬೇಕು, ತಪ್ಪು ನಡೆದಿದ್ದರೆ ಅದನ್ನು ಮಾಡಿದವರೊಬ್ಬರು ಇರಬೇಕು. ಈ ವಾದ ಎಷ್ಟು ದೂರ ನಿಲ್ಲುತ್ತದೆ ಎಂದು ಯೋಚಿಸಬೇಕಾದ ಸಂದರ್ಭವೊಂದು ಈಚೆಗೆ ನನಗೆ ಒದಗಿತು.

ಕಗ್ಗದಾಸಪುರದಲ್ಲಿ ನನಗೆ ಬಹುಕಾಲದಿಂದ ಪರಿಚಿತರಾದ ಮೇಷ್ಟರೊಬ್ಬರಿದ್ದಾರೆ. ಹೆಸರು ಬೇಡ. ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಸೈಟುಗಳು ಇನ್ನೂ ಕೈಗೆ ಎಟುಕುತ್ತಿದ್ದ ಕಾಲದಲ್ಲಿ ಅಲ್ಲಿ ಒಂದು ಪುಟ್ಟ ಮನೆ ಕಟ್ಟಿಕೊಂಡವರು. ವಯಸ್ಸು ಎಪ್ಪತ್ತನಾಲ್ಕು. ಒಂದು ವರ್ಷದಿಂದ ಬೆನ್ನು ನೋಯುತ್ತಿದ್ದಿತು. ವಯಸ್ಸಿನ ನೋವು ಎಂದು ಎಣ್ಣೆ ತಿಕ್ಕಿಸಿಕೊಂಡು, ಬಿಸಿನೀರಿನ ಶಾಖ ಕೊಟ್ಟುಕೊಂಡು ಕಾಲ ತಳ್ಳಿದರು. ಕಡೆಗೆ ಪರೀಕ್ಷೆ ಮಾಡಿಸಿದಾಗ ತಿಳಿದುದು ಬೇರೆ. ಪ್ರಾಸ್ಟೇಟ್ ಗ್ರಂಥಿಯಲ್ಲಿ ಹುಟ್ಟಿದ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿದ್ದಿತು. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡು, ದೊಡ್ಡ ನೆಲ್ಲಿಕಾಯಿಯಷ್ಟು ಇರುವ ಗ್ರಂಥಿ ಅದು. ಗಂಡಸರಲ್ಲಿ ಮಾತ್ರ ಇರುವಂಥದು. ಅದರ ಕ್ಯಾನ್ಸರು ಹರಡಹೊರಟರೆ ಮೊದಲು ಹುಡುಕಿಕೊಂಡು ಹೋಗುವ ಜಾಗಗಳಲ್ಲಿ ಮೂಳೆ ಮುಖ್ಯವಾದುದು.

ಸುದ್ದಿ ತಿಳಿದು ನೋಡಲು ಹೋದೆ. ರೈಲ್ವೆ ಗೇಟು ಬಿದ್ದಿದ್ದಿತು. ಇಕ್ಕಡೆಯೂ ವಾಹನಗಳು ಸಾಲುಗಟ್ಟಿ ನಿಂತಿದ್ದುವು. ಏನು ಹೇಳಬೇಕೆಂದು ಯೋಚಿಸಿಕೊಳ್ಳಲು ಬೇಕಾದಷ್ಟು ಹೊತ್ತು ದೊರೆಯಿತು. ಆದರೆ ಹೇಳಬೇಕಾದುದನ್ನು ಹೇಳಲಾಗಲಿಲ್ಲ, ಕೇಳಬೇಕಾದುದೇ ಬೇರೆಯಾಯಿತು. ಮೇಷ್ಟರು ಮಲಗಿದ್ದರು. ಅವರ ಮನೆಯಾಕೆ ಕಾಫಿ ತಂದಿಟ್ಟು, ಒಳಗೆ ಹೋಗದೆ ಬಾಗಿಲ ಬಳಿ ನಿಂತು ಮೆಲ್ಲಗೆ ಹೇಳಿದರು:

"ನೀವು ನಾಲ್ಕು ಅಕ್ಷರ ಓದಿಕೊಂಡೋರು, ನಿಜ ಹೇಳಿ. ಹೊರದೇಶದಲ್ಲಿರೋ ಮಗಳು ಏನೋ ಕಳಿಸಿದ್ದಾಳೆ. ಕೊಲೆಸ್ಟರಾಲಿನಿಂದಲೇ ಈ ರೋಗ ಹರಡತ್ತೆ ಅಂತ ಅದರಲ್ಲಿ ಇದೆಯಂತೆ. ನಲವತ್ತೆಂಟು ವರ್ಷ ಅವರ ಎಲೆಗೆ ತುಪ್ಪ ಹಾಕಿದವಳು ನಾನು. ಬೇಡ ಅಂದರೂ ಇನ್ನೊಂದು ಮಿಳ್ಳೆ ಹಾಕ್ತಿದ್ದೆ. ಆ ಗೆಡ್ಡೆಗೆ ಅನ್ನ ಹಾಕಿದವಳು ನಾನೇ ಅಲ್ಲವೇ?"

ನಾನು ತಟ್ಟನೆ, "ಛೆ, ಛೆ, ಎಲ್ಲಾದರೂ ಉಂಟೆ ತಾಯಿ! ತುಪ್ಪಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ" ಎಂದುಬಿಟ್ಟೆ. ಆಕೆ ನನ್ನ ಮುಖವನ್ನೇ ನೋಡಿದರು. ತಿಳಿಯದ ವಿಷಯವನ್ನು ತಿಳಿದವನಂತೆ ಹೇಳುತ್ತಿದ್ದೇನೆಂದು ಆಕೆಗೆ ಗೊತ್ತಾಯಿತು. ನನಗೂ ಗೊತ್ತಾಯಿತು. ಆ ಮನೆಯಲ್ಲಿ ತುಪ್ಪದ ಪಾತ್ರೆ ಆಗಲೇ ಅಟ್ಟ ಸೇರಿದ್ದಿತು. ನನ್ನ ಒಂದು ಮಾತಿನಿಂದ ಅದು ಕೆಳಕ್ಕೆ ಇಳಿಯುವಂತಿರಲಿಲ್ಲ.

ಸುಳ್ಳು ಸಮಾಧಾನಕ್ಕೆ ಒಂದು ದೋಷವುಂಟು. ಅದು ಮುಂದಿನ ಓದಿನವರೆಗೆ ಮಾತ್ರ ಬಾಳುತ್ತದೆ. ಆದುದರಿಂದ ಮನೆಗೆ ಬಂದು, ಆ ತಾಯಿಗೆ ನಿಜವಾಗಿ ಏನು ಹೇಳಬಹುದು ಎಂದು ತಿಳಿಯಲು ಓದತೊಡಗಿದೆ.

ಕೊಲೆಸ್ಟರಾಲ್ ಎಂಬ ಹೆಸರು ಇಂದು ಬೈಗುಳದಂತೆ ಆಗಿದ್ದರೂ ಅದು ವಿಷವಲ್ಲ. ನಮ್ಮ ಮೈಯ ಪ್ರತಿಯೊಂದು ಜೀವಕೋಶದ ಹೊರಗಣ ಪೊರೆಯಲ್ಲಿಯೂ ಅದು ಇದೆ. ಅದಿಲ್ಲದೆ ಕೋಶಕ್ಕೆ ಗೋಡೆಯಿಲ್ಲ. ಪಿತ್ತರಸದ ಆಮ್ಲಗಳು, ಡಿ ಜೀವಸತ್ವ, ಗಂಡಸನ್ನು ಗಂಡಸಾಗಿಯೂ ಹೆಂಗಸನ್ನು ಹೆಂಗಸಾಗಿಯೂ ಮಾಡುವ ಹಾರ್ಮೋನುಗಳು, ಇವೆಲ್ಲ ಅದರಿಂದಲೇ ಆಗುವುವು. ಇಷ್ಟು ಅಗತ್ಯವಾದ ವಸ್ತುವನ್ನು ದೇಹವು ಅಡಿಗೆಮನೆಯ ಕೃಪೆಗೆ ಬಿಟ್ಟಿಲ್ಲ, ತಾನೇ ತಯಾರಿಸಿಕೊಳ್ಳುತ್ತದೆ. ದಿನಕ್ಕೆ ಸುಮಾರು ಒಂದು ಗ್ರಾಮಿನಷ್ಟು. ಈ ತಯಾರಿಕೆಯ ಕ್ರಮವನ್ನು ಬಿಡಿಸಿ ತೋರಿಸಿದ ಕೊನ್ರಾಡ್ ಬ್ಲಾಕ್ ಮತ್ತು ಫಿಯೋಡೋರ್ ಲಿನೆನ್ ಅವರಿಗೆ 1964ರಲ್ಲಿ ನೊಬೆಲ್ ಬಹುಮಾನ ಬಂದಿತು. ತುಪ್ಪದಲ್ಲಿ ಇರುವುದಾದರೋ ನೂರು ಗ್ರಾಮಿಗೆ ಕಾಲು ಗ್ರಾಂ ಅಥವಾ ಅದಕ್ಕೆ ಸ್ವಲ್ಪ ಹೆಚ್ಚು. ಐದು ಗ್ರಾಮಿನ ಒಂದು ಚಮಚದಲ್ಲಿ ಹದಿನೈದು ಮಿಲಿಗ್ರಾಂ ಸಹ ಇರಲಾರದು. ದೇಹ ತಾನಾಗಿ ಮಾಡಿಕೊಳ್ಳುವ ಸಾವಿರ ಮಿಲಿಗ್ರಾಮಿನ ಮುಂದೆ ಇದು ಅಲ್ಪ.

ಇಲ್ಲಿಗೆ ನಿಲ್ಲಿಸಿದರೆ ತುಪ್ಪದ ಪರವಾಗಿ ತೀರ್ಪು ಕೊಡಬಹುದು. ಆದರೆ ಇಲ್ಲಿಗೆ ನಿಲ್ಲಿಸುವುದು ಪ್ರಾಮಾಣಿಕತೆಯಲ್ಲ. ತುಪ್ಪದ ಕೊಬ್ಬು ಹೆಚ್ಚು ಪಾಲು ಪರ್ಯಾಪ್ತ ಜಾತಿಯದು. ರಕ್ತದಲ್ಲಿ ಹರಿಯುವ ಕೊಲೆಸ್ಟರಾಲನ್ನು ಎಳೆದುಕೊಂಡು ಒಳಗೆ ಸೇರಿಸುವ ಗ್ರಾಹಕಗಳು ಯಕೃತ್ತಿನ ಕೋಶಗಳ ಮೇಲೆ ಇವೆ; ಇವನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ದೊರೆಯಿತು. ಆ ಜಾತಿಯ ಕೊಬ್ಬು ಹೆಚ್ಚಾದರೆ ಈ ಗ್ರಾಹಕಗಳ ಕೆಲಸ ಮಂದವಾಗಿ, ರಕ್ತದಲ್ಲಿ ಕೊಲೆಸ್ಟರಾಲ್ ಉಳಿದುಕೊಳ್ಳುತ್ತದೆ. ಹೃದಯದ ಮಟ್ಟಿಗೆ ಇದು ಒಳ್ಳೆಯದಲ್ಲವೆಂಬುದರಲ್ಲಿ ಸಂದೇಹವಿಲ್ಲ.

ಇನ್ನು ಆ ಗ್ರಂಥಿಯ ವಿಷಯ. 1941ರಲ್ಲಿ ಚಾರ್ಲ್ಸ್ ಹಗ್ಗಿನ್ಸ್ ಎಂಬ ವೈದ್ಯರು, ಹರಡಿದ ಪ್ರಾಸ್ಟೇಟ್ ಕ್ಯಾನ್ಸರು ಕೂಡ ಗಂಡು ಹಾರ್ಮೋನನ್ನು ತಪ್ಪಿಸಿದರೆ ಹಿಮ್ಮೆಟ್ಟುತ್ತದೆ ಎಂದು ತೋರಿಸಿದರು. 1966ರಲ್ಲಿ ಅವರಿಗೆ ನೊಬೆಲ್ ಬಂದಿತು. ಇಂದಿಗೂ ಹರಡಿದ ರೋಗಕ್ಕೆ ಮೊದಲ ಚಿಕಿತ್ಸೆ ಅದೇ ತತ್ತ್ವದ ಮೇಲೆ ನಿಂತಿದೆ. ಆ ಹಾರ್ಮೋನು ಹುಟ್ಟುವುದು ಕೊಲೆಸ್ಟರಾಲಿನಿಂದ. ಚಿಕಿತ್ಸೆ ಕೆಲವು ಕಾಲ ನಡೆದ ಮೇಲೆ ಕೆಲವು ಗೆಡ್ಡೆಗಳು ತಮಗೆ ಬೇಕಾದ ಹಾರ್ಮೋನನ್ನು ತಮ್ಮೊಳಗೇ ತಯಾರಿಸಿಕೊಳ್ಳುವುದನ್ನು ಕಲಿಯುತ್ತವೆಯೆಂದೂ ಈಗ ತಿಳಿದಿದೆ.

ಮಗಳು ಕಳಿಸಿದ ಬರಹದ ಮೂಲವೂ ಸಿಕ್ಕಿತು. ಅದರಲ್ಲೊಂದು ವಿಚಿತ್ರವಾದ ನಂಟು ಕಂಡು ಆಶ್ಚರ್ಯಪಟ್ಟೆ. ಕಗ್ಗದಾಸಪುರಕ್ಕೆ ಅಂಟಿಕೊಂಡಿರುವ ಬಡಾವಣೆಗೆ ಸಿ. ವಿ. ರಾಮನ್ ನಗರ ಎಂದು ಹೆಸರು. ಒಂದು ವಸ್ತುವಿನ ಮೇಲೆ ಬಿದ್ದು ಚದುರಿದ ಬೆಳಕಿನಲ್ಲಿ ಒಂದಿಷ್ಟು ಅಂಶ ಬಣ್ಣ ಬದಲಿಸಿ ಹೊರಬರುತ್ತದೆ, ಆ ಬದಲಾವಣೆ ವಸ್ತುವಿನಿಂದ ವಸ್ತುವಿಗೆ ಬೇರೆ ಎಂದು ರಾಮನ್ನರು 1928ರಲ್ಲಿ ಕಲ್ಕತ್ತೆಯಲ್ಲಿ ಕಂಡುಹಿಡಿದರು. 1933ರಲ್ಲಿ ಬೆಂಗಳೂರಿಗೆ ಬಂದು, 1970ರಲ್ಲಿ ಇಲ್ಲಿಯೇ ಕಣ್ಣು ಮುಚ್ಚಿದರು. ಅದೇ ಬೆಳಕಿನ ಗುಣವನ್ನು ಹಿಡಿದು, ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ಸಂಶೋಧಕರು ರೋಗಿಗಳಿಂದ ತೆಗೆದ ಪ್ರಾಸ್ಟೇಟ್ ಅಂಗಾಂಶವನ್ನು ಕೋಶ ಕೋಶವಾಗಿ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. ತೀವ್ರ ಸ್ವಭಾವದ ಕ್ಯಾನ್ಸರಿನಲ್ಲಿಯೂ ಬೇರೆಡೆಗೆ ಹರಡಿದ ಕ್ಯಾನ್ಸರಿನಲ್ಲಿಯೂ ಕೋಶಗಳ ಒಳಗೆ ಕೊಬ್ಬಿನ ಹನಿಗಳಿದ್ದು, ಅವುಗಳಲ್ಲಿ ಕೊಲೆಸ್ಟರಾಲ್ ಒಂದು ಮಾರ್ಪಟ್ಟ ರೂಪದಲ್ಲಿ ದಾಸ್ತಾನಾಗಿದ್ದಿತು. ಕಣಜದಲ್ಲಿ ಧಾನ್ಯ ಇಟ್ಟ ಹಾಗೆ. ಈ ದಾಸ್ತಾನಿಗೆ ತಡೆಯೊಡ್ಡಿದಾಗ ಇಲಿಗಳಲ್ಲಿ ಗೆಡ್ಡೆಯ ಬೆಳವಣಿಗೆ ತಗ್ಗಿತು. 2018ರಲ್ಲಿ ಅದೇ ತಂಡದವರು ಇಲಿಗಳಲ್ಲಿ ರೋಗದ ಹರಡುವಿಕೆಯೂ ತಗ್ಗುವುದನ್ನು ತೋರಿಸಿದರು.

ಆ ಧಾನ್ಯ ಎಲ್ಲಿಂದ ಬಂದುದು? ಹೆಚ್ಚಾಗಿ ಹೊರಗಿನಿಂದ, ಎಂದರೆ ರಕ್ತದಿಂದ, ಎಂದೇ ಅವರ ಉತ್ತರ. ಇದನ್ನು ಓದಿದಾಗ ಆ ತಾಯಿಯ ಮುಖ ನನ್ನ ಕಣ್ಣ ಮುಂದೆ ಬಂದಿತು. ಹಾಗಾದರೆ ಆಕೆಯ ಅಂಜಿಕೆ ನಿಜವೇ ಆಯಿತೆ?

ಮುಂದಿನ ಪುಟವನ್ನು ಓದಬೇಕು. ಆ ಕೋಶಗಳು ರಕ್ತದಿಂದ ಹಾಗೆ ಬಾಚಿಕೊಳ್ಳುವುದು ರಕ್ತದಲ್ಲಿ ಹೆಚ್ಚಿಗೆ ಇದೆಯೆಂದಲ್ಲ. ಕೋಶದ ಬೆಳವಣಿಗೆಗೆ ಕಡಿವಾಣವಾಗಿರುವ ಪಿಟೆನ್ ಎಂಬ ಜೀನು ಕಳೆದುಹೋಗಿರುವುದರಿಂದ. ಕಡಿವಾಣ ಹೋದ ಕೋಶಕ್ಕೆ ಸಾಕು ಎಂಬುದಿಲ್ಲ. ಅದು ಎಲ್ಲರ ರಕ್ತದಲ್ಲಿಯೂ ಹರಿಯುವ, ಹರಿಯಲೇಬೇಕಾದ ವಸ್ತುವಿಗೆ ಕೈ ಹಾಕುತ್ತದೆ. ತುಪ್ಪವನ್ನು ಕಣ್ಣಿನಿಂದಲೂ ಕಾಣದವನ ರಕ್ತದಲ್ಲಿಯೂ ಅದಕ್ಕೆ ಬೇಕಾದುದು ಇದೆ. ಕಡಿವಾಣ ಏಕೆ ಕಳಚಿತು? ವಯಸ್ಸು, ವಂಶದಿಂದ ಬಂದ ಜೀನುಗಳು, ಕೋಶ ಎರಡಾಗುವಾಗ ಆದ ಆಕಸ್ಮಿಕವಾದ ತಪ್ಪುಗಳು. ಈ ರೋಗದ ಮಟ್ಟಿಗೆ ಎಲ್ಲಕ್ಕಿಂತ ಸ್ಪಷ್ಟವಾದ ಕಾರಣಗಳು ವಯಸ್ಸು ಮತ್ತು ವಂಶ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ನುಂಗುವವರಲ್ಲಿ ಮುಂದುವರಿದ ಪ್ರಾಸ್ಟೇಟ್ ಕ್ಯಾನ್ಸರು ಕಡಿಮೆ ಎಂದು ಹಲವು ಅವಲೋಕನಗಳಲ್ಲಿ ಕಂಡಿರುವುದು ನಿಜ. ಆದರೆ ಮಾತ್ರೆ ನುಂಗುವವರು ವೈದ್ಯರ ಬಳಿಗೆ ಹೆಚ್ಚಾಗಿ ಹೋಗುವವರೂ ಹೌದು. ಮಾತ್ರೆಯ ಗುಣವೋ, ಹೋಗಿ ಬಂದುದರ ಗುಣವೋ ಎಂಬುದು ಇತ್ಯರ್ಥವಾಗಿಲ್ಲ.

ಇಷ್ಟಾದ ಮೇಲೆ ವಿಜ್ಞಾನದ ಕೆಲಸ ಮುಗಿದು ವಿವೇಕದ ಕೆಲಸ ತೊಡಗುತ್ತದೆ. 'ಕಾರಣ' ಎಂಬುದು ಒಂದು ಮಾತು, 'ತಪ್ಪು' ಎಂಬುದು ಇನ್ನೊಂದು ಮಾತು. ನಾವು ಇವೆರಡನ್ನೂ ಒಂದೇ ಉಸಿರಿನಲ್ಲಿ ಆಡುತ್ತೇವೆ. ಮಳೆ ಬಂದುದರಿಂದ ಗೋಡೆ ಬಿದ್ದಿತು ಎಂದಾಗ ಮಳೆಯದು ತಪ್ಪು ಎಂದು ಯಾರೂ ಹೇಳುವುದಿಲ್ಲ. ತಪ್ಪು ಎನ್ನಬೇಕಾದರೆ ಮೂರು ಸಂಗತಿಗಳು ಕೂಡಿಬರಬೇಕು. ಮಾಡಿದವರಿಗೆ ಅದರ ಫಲ ತಿಳಿದಿದ್ದಿರಬೇಕು, ಅಥವಾ ತಿಳಿದುಕೊಳ್ಳುವ ಅವಕಾಶವಾದರೂ ಇದ್ದಿರಬೇಕು. ಬೇರೆ ದಾರಿ ಹಿಡಿಯಲು ಅವರಿಗೆ ಸಾಧ್ಯವಿದ್ದಿರಬೇಕು. ಆ ಮಾಡಿದುದರಿಂದಲೇ ಈ ಕೇಡು ಬಂದಿತೆಂದು ಗೊತ್ತಾಗಬೇಕು.

ಇದಕ್ಕೆ ಒಪ್ಪುವ ಉದಾಹರಣೆ ಬೇಕಾದರೆ ಕಗ್ಗದಾಸಪುರದ ಕೆರೆಯನ್ನೇ ತೆಗೆದುಕೊಳ್ಳಬಹುದು. ಕೆಲವು ವರ್ಷಗಳ ಹಿಂದೆ ಅದರ ನೀರು ಕಾಣದಂತೆ ಕಳೆಗಿಡ ಮುಚ್ಚಿಕೊಂಡಿದ್ದುದನ್ನು ನೋಡಿದವರು ಹಲವರಿದ್ದಾರೆ. ಹೊಲಸು ನೀರು ಕೆರೆಗೆ ಸೇರಿದರೆ ಅದರ ಸಾರವನ್ನು ಉಂಡು ಕಳೆ ಹಬ್ಬುತ್ತದೆಂಬುದು ಎಲ್ಲರಿಗೂ ತಿಳಿದ ವಿಷಯ. ಚರಂಡಿಯನ್ನು ಬೇರೆ ಕಡೆಗೆ ತಿರುಗಿಸುವುದೂ ಅಸಾಧ್ಯವಲ್ಲ. ಯಾವ ನೀರು ಎಲ್ಲಿಂದ ಬಂದಿತೆಂದು ನಡೆದುಹೋಗಿ ನೋಡಬಹುದು. ಅಲ್ಲಿ ಮೂರು ಸಂಗತಿಗಳೂ ಕೂಡಿವೆ. ಅಲ್ಲಿ ತಪ್ಪು ಎಂಬ ಮಾತು ಸಲ್ಲುತ್ತದೆ, ಸಲ್ಲಲೂಬೇಕು. ಆದರೆ ಮೇಷ್ಟರ ಮನೆಯಾಕೆಯ ವಿಷಯದಲ್ಲಿ? ಆಕೆಗೆ ತಿಳಿದಿರಲಿಲ್ಲ, 2014ರವರೆಗೆ ಆ ಕೊಬ್ಬಿನ ಹನಿಗಳ ವಿಷಯ ಬಲ್ಲ ಪಂಡಿತರೂ ಇರಲಿಲ್ಲ. ಈ ತುಪ್ಪದಿಂದ ಈ ಗೆಡ್ಡೆ ಎಂದು ಯಾವ ವೈದ್ಯನೂ ಗೆರೆ ಎಳೆದು ತೋರಿಸಲಾರನು. ಅದೇ ಪಂಕ್ತಿಯಲ್ಲಿ ಕುಳಿತು ಅದೇ ತುಪ್ಪ ತಿಂದ ಮೇಷ್ಟರ ಅಣ್ಣ ಎಂಬತ್ತು ದಾಟಿ ಗಟ್ಟಿಯಾಗಿದ್ದಾರೆ. ಸಾವಿರ ಜನರ ಮೇಲೆ ನಿಜವಾಗಬಹುದಾದ ಒಂದು ಮಾತನ್ನು ಒಬ್ಬನ ಮೇಲೆ ತೀರ್ಪಾಗಿ ಹೊರಿಸುವುದು ಗಣಿತದಲ್ಲಿಯೂ ತಪ್ಪು, ಧರ್ಮದಲ್ಲಿಯೂ ತಪ್ಪು.

ಇಷ್ಟು ಸ್ಪಷ್ಟವಾಗಿದ್ದರೂ ನಾವು ತಪ್ಪನ್ನು ಹುಡುಕುವುದೇಕೆ? ನನಗೆ ತೋರುವುದು ಇದು. ತಪ್ಪು ಸಿಕ್ಕಿದರೆ ಲೋಕಕ್ಕೆ ಒಂದು ಲೆಕ್ಕ ಸಿಕ್ಕಿದಂತಾಗುತ್ತದೆ. ಹಿಂದೆ ನಮ್ಮ ಹಿರಿಯರು ಪೂರ್ವಜನ್ಮದ ಕರ್ಮ ಎನ್ನುತ್ತಿದ್ದರು. ಅದನ್ನು ಮೂಢನಂಬಿಕೆ ಎಂದು ಬಿಟ್ಟ ನಾವು ಈಗ ಆಹಾರ ಪದ್ಧತಿ ಎನ್ನುತ್ತೇವೆ. ಕರ್ಮ ಎಂದವರಿಗೆ ಒಂದು ದಾಕ್ಷಿಣ್ಯವಾದರೂ ಇದ್ದಿತು. ತಪ್ಪು ಹಿಂದಿನ ಜನ್ಮದ್ದು, ಯಾರಿಗೂ ನೆನಪಿಲ್ಲದ್ದು. ನಮ್ಮ ಹೊಸ ಕರ್ಮಕ್ಕೆ ಆ ದಾಕ್ಷಿಣ್ಯವೂ ಇಲ್ಲ. ತಪ್ಪು ಇದೇ ಜನ್ಮದ್ದು, ಇದೇ ಅಡಿಗೆಮನೆಯದು, ಮಾಡಿದಾಕೆ ಬಾಗಿಲ ಬಳಿ ನಿಂತಿದ್ದಾಳೆ. ಇದರೊಳಗೆ ಇನ್ನೊಂದು ಸ್ವಾರ್ಥವೂ ಇದೆ. ರೋಗಿ ತಪ್ಪು ಮಾಡಿದ್ದರೆ, ತಪ್ಪು ಮಾಡದ ನಾನು ಕ್ಷೇಮ. "ಏನು ತಿಂದಿದ್ದರಂತೆ?" ಎಂದು ಕೇಳುವಾಗ ನಾವು ರೋಗಿಯ ವಿಷಯ ಕೇಳುತ್ತಿರುವುದಿಲ್ಲ, ನಮ್ಮ ಸರದಿ ಬಂದಿಲ್ಲವಷ್ಟೆ ಎಂದು ನೋಡಿಕೊಳ್ಳುತ್ತಿರುತ್ತೇವೆ.

ಒಬ್ಬ ಸ್ನೇಹಿತರೊಡನೆ ಈ ವಿಷಯ ಮಾತನಾಡಿದಾಗ ಅವರು ಒಂದು ಆಕ್ಷೇಪ ಎತ್ತಿದರು. "ತಪ್ಪೇ ಇಲ್ಲ ಎಂದರೆ ಯಾರು ಎಚ್ಚರದಿಂದಿರುತ್ತಾರೆ? ಬೀಡಿ ಸೇದುವವನಿಗೂ ಹೀಗೆಯೇ ಹೇಳುತ್ತೀರಾ?" ಎಂದರು. ಆಕ್ಷೇಪ ಹಗುರವಾದುದಲ್ಲ. ಹೊಗೆಸೊಪ್ಪಿನ ವಿಷಯದಲ್ಲಿ ಕಾರಣ ಸ್ಪಷ್ಟ, ತಿಳಿವಳಿಕೆ ಎಲ್ಲರಿಗೂ ಇದೆ. ಅದನ್ನು ಮುಚ್ಚಿಡುವುದು ಕರುಣೆಯಲ್ಲ. ಆದರೆ ಅಲ್ಲಿಯೂ ಎರಡು ಬಗೆಯ ಹೊಣೆಗಳನ್ನು ಬೇರೆ ಮಾಡಬೇಕು. ಒಂದು ಹಿಂದೆ ನೋಡುವ ಹೊಣೆ, ಇನ್ನೊಂದು ಮುಂದೆ ನೋಡುವ ಹೊಣೆ. ತಿಳಿವಳಿಕೆ ಬಂದ ಗಳಿಗೆಯಿಂದ ಮುಂದಕ್ಕೆ ಕರ್ತವ್ಯ ಹುಟ್ಟುತ್ತದೆ. ಹಿಂದಕ್ಕೆ ಹರಿದು ಅಪರಾಧವಾಗುವುದಿಲ್ಲ. ಇನ್ನೂ ಆರೋಗ್ಯವಾಗಿರುವವನಿಗೆ ಹೇಳುವ ಮಾತು ಎಚ್ಚರಿಕೆ. ಅದೇ ಮಾತನ್ನು ಮಲಗಿದವನ ತಲೆದೆಸೆಯಲ್ಲಿ ನಿಂತು ಹೇಳಿದರೆ ಶಿಕ್ಷೆ.

ಶಿಕ್ಷೆಯಿಂದ ಪ್ರಯೋಜನವಾದರೂ ಇದೆಯೆ ಎಂದರೆ, ಕೇಡೇ ಹೆಚ್ಚು. ಮೇಷ್ಟರು ಎರಡು ವರ್ಷಗಳಿಂದ ರಾತ್ರಿ ನಾಲ್ಕು ನಾಲ್ಕು ಸಲ ಎದ್ದು ಬಚ್ಚಲಿಗೆ ಹೋಗುತ್ತಿದ್ದರಂತೆ. ಹೆಂಡತಿಗೆ ಹೇಳಲಿಲ್ಲ, ವೈದ್ಯರಿಗೆ ಹೇಳಲಿಲ್ಲ. "ಆ ಜಾಗದ ವಿಷಯ ಹೇಗೆ ಹೇಳೋದು? ವಯಸ್ಸಾದವನಿಗೆ ಇದೆಲ್ಲ ಯಾಕೆ ಬಂತು ಅಂತ ಜನ ಏನೇನೋ ಅಂದುಕೊಂಡರೆ?" ಎಂದು ನನ್ನೊಡನೆ ಹೇಳಿದರು. ಆ ತೊಂದರೆ ಹಲವರಲ್ಲಿ ಕ್ಯಾನ್ಸರಿನದಲ್ಲ; ವಯಸ್ಸಿನೊಡನೆ ಗ್ರಂಥಿ ಸುಮ್ಮನೆ ದಪ್ಪವಾಗುವುದರಿಂದಲೂ ಬರುತ್ತದೆ. ಆದರೆ ಯಾವುದು ಎಂಬುದನ್ನು ಹೇಳುವವರು ವೈದ್ಯರು, ನೆರೆಹೊರೆಯವರಲ್ಲ. ರೋಗವೆಂದರೆ ತಪ್ಪು ಎಂಬ ಭಾವನೆ ಇರುವ ಮನೆಯಲ್ಲಿ ರೋಗ ಬಾಯಿ ಬಿಡುವುದಿಲ್ಲ. ಬಾಯಿ ಬಿಡುವ ಹೊತ್ತಿಗೆ ಅದು ಮೂಳೆಯಲ್ಲಿರುತ್ತದೆ.

ಈ ನಗರದಲ್ಲಿ ಒಂದು ದೊಡ್ಡ ದಫ್ತರವಿದೆ. 1982ರಿಂದ ಬೆಂಗಳೂರಿನಲ್ಲಿ ಕ್ಯಾನ್ಸರ್ ಬಂದವರ ಲೆಕ್ಕವನ್ನು ಕಿದ್ವಾಯಿ ಸಂಸ್ಥೆಯವರು ನೋಂದಾಯಿಸುತ್ತ ಬಂದಿದ್ದಾರೆ. ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಈ ಕಾರ್ಯಕ್ರಮ ಮೊದಲಾದ ಊರುಗಳಲ್ಲಿ ಮುಂಬಯಿ, ಮದರಾಸುಗಳ ಜೊತೆಗೆ ಬೆಂಗಳೂರೂ ಒಂದು. ನಮ್ಮ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರು ಈಗ ಮುಂಚೂಣಿಯ ಕ್ಯಾನ್ಸರುಗಳಲ್ಲಿ ಸೇರಿದೆಯೆಂದು ತಿಳಿದುದು ಅಂಥ ಲೆಕ್ಕದಿಂದಲೇ. ಆ ದಫ್ತರದಲ್ಲಿ ವಯಸ್ಸೆಷ್ಟು, ಯಾವ ಅಂಗ, ಎಲ್ಲಿಯ ವಾಸ ಎಂದು ಬರೆದುಕೊಳ್ಳುತ್ತಾರೆ. ಯಾರ ತಪ್ಪು ಎಂಬ ಅಂಕಣ ಅದರಲ್ಲಿಲ್ಲ. ಕಾರಣವನ್ನು ನಿಜವಾಗಿ ಹುಡುಕಹೊರಟವರಿಗೆ ಆ ಅಂಕಣ ಬೇಕಾಗಿಲ್ಲ ಎಂಬುದನ್ನು ನಾವು ಗಮನಿಸಬೇಕು.

ಮುಂದಿನ ವಾರ ಮತ್ತೆ ಹೋದೆ. ಹೋದ ಸಲ ಹೇಳಿದ ಮಾತು ಸರಿಯಲ್ಲವೆಂದು ಆ ತಾಯಿಗೆ ಮೊದಲು ಒಪ್ಪಿಕೊಂಡೆ. ಸಂಬಂಧ ಏನೂ ಇಲ್ಲವೆಂದು ಯಾರೂ ಹೇಳಲಾರರು. ಇದ್ದರೂ ಅದು ತುಪ್ಪದ್ದಲ್ಲ, ಕಡಿವಾಣ ಕಳೆದುಕೊಂಡ ಕೋಶದ್ದು. ನೀವು ಹಾಕಿದುದು ಅವರ ಎಲೆಗೆ, ಗೆಡ್ಡೆಗೆ ಅಲ್ಲ ಎಂದು ಓದಿದಷ್ಟನ್ನೂ ನಿಧಾನವಾಗಿ ಹೇಳಿದೆ. ಆಕೆ ಪೂರ್ತಿ ಒಪ್ಪಿದರೋ ಇಲ್ಲವೋ ಹೇಳಲಾರೆ. "ಹಾಗಾದರೆ ಇನ್ನು ಮುಂದೆ ಏನು ಮಾಡಲಿ?" ಎಂದು ಕೇಳಿದರು. ಒಂದು ವಾರದ ಹಿಂದೆ ಆಕೆ ಕೇಳಿದ್ದು ಹಿಂದಿನ ಪ್ರಶ್ನೆ. ಈ ದಿನ ಕೇಳಿದ್ದು ಮುಂದಿನದು. ನನಗೆ ಅಷ್ಟೇ ಸಾಕಾಯಿತು.

ಅದಕ್ಕೆ ಉತ್ತರ ಹೇಳಬೇಕಾದವನು ನಾನಲ್ಲ. ಅವರ ವೈದ್ಯರನ್ನು ಕೇಳಿಕೊಂಡು ಬಂದರು. ಹಾರ್ಮೋನನ್ನು ತಗ್ಗಿಸುವ ಚಿಕಿತ್ಸೆಯಲ್ಲಿ ಮೂಳೆ ಸವೆಯುವುದುಂಟು, ಮೈಗೆ ಕೊಬ್ಬು ಕೂಡುವುದುಂಟು, ಸಕ್ಕರೆ ಏರುವುದುಂಟು. ಆದುದರಿಂದ ಊಟ ಹಿತಮಿತವಾಗಿರಲಿ, ದಿನವೂ ಸ್ವಲ್ಪ ನಡೆಯಲಿ, ಅನ್ನಕ್ಕೆ ಒಂದು ಚಮಚ ತುಪ್ಪ ಬಿದ್ದರೆ ಚಿಂತೆಯಿಲ್ಲ, ಊಟ ಸೇರದೆ ಸೊರಗುವುದು ಅದಕ್ಕಿಂತ ಕೆಟ್ಟದ್ದು ಎಂದು ವೈದ್ಯರು ಹೇಳಿದರಂತೆ. ಹಾಗೆ ಪಾತ್ರೆ ಅಟ್ಟದಿಂದ ಇಳಿಯಿತು. ಮಿಳ್ಳೆಯ ಬದಲು ಚಮಚ ಬಂದಿತು.

ಮೇಷ್ಟರಿಗೆ ಇದೆಲ್ಲ ತಿಳಿದಿರಲಿಲ್ಲವೆಂದು ನಾವು ಭಾವಿಸಿದ್ದೆವು. ಎಲ್ಲವೂ ತಿಳಿದಿದ್ದಿತು. ಹೊರಟು ನಿಂತಾಗ ನನ್ನನ್ನು ಕರೆದು, "ಅವಳು ಲೆಕ್ಕದಲ್ಲಿ ಮೊದಲಿನಿಂದಲೂ ಹಿಂದೆ. ನಲವತ್ತೆಂಟು ವರ್ಷದ ಊಟಕ್ಕೆ ಜಮಾ ಹಿಡಿಯೋದು ಬಿಟ್ಟು ಖರ್ಚು ಮಾತ್ರ ಬರೆದುಕೊಂಡಿದ್ದಾಳೆ. ನೀವಾದರೂ ಹೇಳಿ" ಎಂದರು. ನಾನು ಹೇಳಬೇಕಾಗಲಿಲ್ಲ. ಆಕೆ ಬಾಗಿಲ ಬಳಿಯೇ ನಿಂತಿದ್ದರು.